ಕನ್ನಡ ಐಚ್ಛಿಕದವರಿಗೆ ಕಾರಮಡೈಯಲ್ಲಿ ಏನು ಕೆಲಸ?

ಇಂಟರ್ನ್‌ಶಿಪ್ ಎಂಬ ಮಾತು ಈಗ ಎಲ್ಲ ವಿಭಾಗಗಳ ಸೂಚನಾ ಫಲಕಗಳಿಗೂ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನು ಪದವಿ ತರಗತಿಯ ಪಠ್ಯಕ್ರಮದೊಳಕ್ಕೆ ತಂದಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾರ್ಗಸೂಚಿ ನಾಲ್ಕನೆಯ ಸೆಮಿಸ್ಟರಿನ ಬಳಿಕ 60ರಿಂದ 120 ಗಂಟೆಗಳ ಅವಧಿಯನ್ನು ಗೊತ್ತುಮಾಡಿತು. ವಾಣಿಜ್ಯ ಓದುವವರು ಲೆಕ್ಕಪರಿಶೋಧಕರ ಕಚೇರಿಗೆ ಹೋಗುತ್ತಾರೆ, ಗಣಕ ವಿಜ್ಞಾನದವರಿಗೆ ತಂತ್ರಾಂಶ ಸಂಸ್ಥೆಗಳ ಬಾಗಿಲು ತೆರೆದಿದೆ. ಕನ್ನಡ ಐಚ್ಛಿಕವನ್ನು ಆರಿಸಿಕೊಂಡವರಿಗೆ ಮಾತ್ರ ಎರಡೇ ವಿಳಾಸ: ಪತ್ರಿಕಾ ಕಚೇರಿ, ಇಲ್ಲವೇ ಪ್ರಕಾಶನ ಸಂಸ್ಥೆ. ಅಲ್ಲಿ ಕರಡು ತಿದ್ದಿ, ಚಹಾ ಕುಡಿದು, ಪ್ರಮಾಣಪತ್ರ ಪಡೆದು ಹಿಂತಿರುಗುವುದು ರೂಢಿಯಾಗಿದೆ. ಕರಡು ತಿದ್ದುವುದು ಕೀಳು ಕೆಲಸವಲ್ಲ. ಆದರೆ ಕನ್ನಡವು ಕೆಲಸ ಮಾಡುವ ಜಾಗಗಳು ಅಚ್ಚಿನ ಮನೆಗಳು ಮಾತ್ರವೆಂಬ ನಂಬಿಕೆಯನ್ನು ವಿಭಾಗಗಳೇ ವಿದ್ಯಾರ್ಥಿಗಳಲ್ಲಿ ಬಿತ್ತುತ್ತಿವೆ ಎಂಬುದು ಚಿಂತೆಯ ವಿಷಯ.

ನೂಲು, ಸೂಜಿ, ಲಾಳಿಗಳ ಕಸುಬು ನಡೆಯುವ ಮನೆಗಳಿಗೂ ಕನ್ನಡ ಐಚ್ಛಿಕದ ವಿದ್ಯಾರ್ಥಿಗಳು ಕಲಿಯಲು ಹೋಗಬೇಕು. ಅದಕ್ಕೆ ತಕ್ಕ ಸೀಮೆಯೊಂದು ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯ ಕಾರಮಡೈ ಸುತ್ತಿನಲ್ಲಿದೆ.

ಕಾರಮಡೈ ಎಂದರೆ ಕೊಯಮತ್ತೂರಿನಿಂದ ಮೆಟ್ಟುಪಾಳಯಕ್ಕೆ ಹೋಗುವ ದಾರಿಯ ಊರು. ರಂಗನಾಥನ ದೇವಾಲಯಕ್ಕೂ ಮಾಘಮಾಸದ ತೇರಿಗೂ ಹೆಸರಾದದ್ದು. ಅಲ್ಲಿಂದ ಸ್ವಲ್ಪ ದೂರದಲ್ಲಿ, ಭವಾನಿ ನದಿಯ ಬಳಿ, ರೇಷ್ಮೆ ಮತ್ತು ಕೋರಾ ಸೀರೆಗಳ ಕೈಮಗ್ಗಕ್ಕೆ ಪ್ರಸಿದ್ಧವಾದ ಸಿರುಮುಗೈ ಇದೆ. ಈ ಸೀಮೆಯ ದೇವಾಂಗ ನೇಕಾರರಲ್ಲಿ ಅನೇಕರ ಮನೆಮಾತು ಕನ್ನಡ. ಅವರ ಕುಲದೇವತೆ ಚೌಡೇಶ್ವರಿ. ಆಕೆಯ ಹಬ್ಬದಲ್ಲಿ ಕತ್ತಿ ಹಿಡಿದು ನಡೆಸುವ ಅಲಗು ಸೇವೆಯನ್ನು ಕೊಯಮತ್ತೂರಿನ ಬೀದಿಗಳು ಇಂದಿಗೂ ಕಾಣುತ್ತವೆ. ನೇಕಾರರಲ್ಲದೆ ಕನ್ನಡ ಮಾತಾಡುವ ಒಕ್ಕಲಿಗರೂ ಆ ಜಿಲ್ಲೆಯಲ್ಲಿದ್ದಾರೆ. ಮೇಲೆ ನೀಲಗಿರಿ ಹತ್ತಿದರೆ ಕನ್ನಡಕ್ಕೆ ಅತಿ ಸಮೀಪದ ಬಡಗ ನುಡಿ. ಇದನ್ನು ಆಶ್ಚರ್ಯವೆಂಬಂತೆ ಹೇಳಬೇಕಾಗಿ ಬಂದಿರುವುದೇ ಒಂದು ಕೊರತೆ. ಕೊಯಮತ್ತೂರು 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಕೊಳ್ಳೇಗಾಲವಂತೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿಯೇ ಇತ್ತು. ಗಡಿಗೆರೆ ಎಳೆದಾಗ ಕೊಳ್ಳೇಗಾಲದ ಮಗ್ಗಗಳು ಇತ್ತ ಬಂದವು, ಸಿರುಮುಗೈಯ ಮಗ್ಗಗಳು ಅತ್ತ ಉಳಿದವು. ಇತ್ತಲಿನವರು ಕನ್ನಡ ಶಾಲೆಯಲ್ಲಿ ಓದಿದರು. ಅತ್ತಲಿನವರು ಮನೆಯಲ್ಲಿ ಕನ್ನಡ ಆಡುತ್ತ, ಶಾಲೆಯಲ್ಲಿ ತಮಿಳು ಬರೆಯುತ್ತ ಬೆಳೆದರು. ಅವರಲ್ಲಿ ಬಹುಪಾಲು ಜನರಿಗೆ ಕನ್ನಡ ಬಾಯಲ್ಲಿರುವ ಭಾಷೆ, ಲಿಪಿಯಲ್ಲಿರುವುದು ತಮಿಳು.

ಹೀಗೆ ಬರೆಹವಿಲ್ಲದೆ ಉಳಿದ ಭಾಷೆಯನ್ನು ಹಿಡಿದು ನಿಲ್ಲಿಸುವುದು ಮನೆಯೂ ಕಸುಬೂ. ಮನೆಯ ಮಾತು ಮದುವೆ, ಟಿ.ವಿ., ಶಾಲೆಗಳ ಒತ್ತಡಕ್ಕೆ ಬೇಗ ಬಾಗುತ್ತದೆ. ಕಸುಬಿನ ಮಾತು ತಡವಾಗಿ ಬಾಗುತ್ತದೆ, ಏಕೆಂದರೆ ಅದು ಕೈಯ ಚಲನೆಗೆ ಕಟ್ಟುಬಿದ್ದದ್ದು. ಆದರೆ ಕಸುಬೇ ನಿಂತರೆ ಆ ಮಾತು ಒಂದೇ ತಲೆಮಾರಿನಲ್ಲಿ ಹೋಗುತ್ತದೆ. ಮಗ್ಗದ ಕುಣಿಯನ್ನು ಮುಚ್ಚಿ ನೆಲಕ್ಕೆ ಟೈಲ್ಸ್ ಹಾಕಿಸಿದ ಮನೆಯಲ್ಲಿ ಲಾಳಿ, ಕಂಡಿಕೆ, ಹಣಿಗೆಗಳ ಹೆಸರು ಯಾರಿಗೆ ಬೇಕು?

ಕನ್ನಡ ಐಚ್ಛಿಕದ ಪ್ರಶ್ನೆಪತ್ರಿಕೆಗಳಲ್ಲಿ ಜೇಡರ ದಾಸಿಮಯ್ಯನೂ ದೇವರ ದಾಸಿಮಯ್ಯನೂ ಒಬ್ಬನೇ, ಇಬ್ಬರೇ ಎಂಬ ಚರ್ಚೆ ಬರುವುದುಂಟು. ವಿದ್ಯಾರ್ಥಿಗಳು ಅದಕ್ಕೆ ಎರಡು ಪುಟ ಉತ್ತರ ಬರೆಯಬಲ್ಲರು. ವಿದ್ವಾಂಸರ ಹೆಸರುಗಳನ್ನು ತಪ್ಪಿಲ್ಲದೆ ಹೇಳಬಲ್ಲರು. ವಚನಕಾರನಾಗುವ ಮುನ್ನ ಆತ ನೇಕಾರ ಎಂಬುದು ಎಲ್ಲರಿಗೂ ಗೊತ್ತು. ಆದರೆ ಮಗ್ಗದ ಮುಂದೆ ನಿಲ್ಲಿಸಿ ಹಾಸು ಯಾವುದು, ಹೊಕ್ಕು ಯಾವುದು ಎಂದು ಕೇಳಿದರೆ ತಡವರಿಸದೆ ಬೆರಳಿಟ್ಟು ತೋರಿಸುವವರು ಎಷ್ಟು ಜನ? ‘ಹಾಸುಹೊಕ್ಕಾಗಿ’ ಎಂಬ ಪದವಿಲ್ಲದ ವಿಮರ್ಶಾ ಪ್ರಬಂಧವೇ ಇಲ್ಲ. ಉದ್ದಕ್ಕೆ ಹಾಸಿಟ್ಟ ಎಳೆ ಹಾಸು. ಅದರ ನಡುವೆ ಲಾಳಿಯೊಂದಿಗೆ ಹೊಗುವ ಎಳೆ ಹೊಕ್ಕು. ಹೊಗು, ಹೊಕ್ಕು, ಅದಕ್ಕೂ ಹಿಂದೆ ಪುಗು, ಪೊಕ್ಕು. ಪಕಾರವು ಹಕಾರವಾದ ಕಥೆಯನ್ನು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಕಲಿಯುವವರು ಅದೇ ಕಥೆಯನ್ನು ಮಗ್ಗದ ಮೇಲೆ ಕಣ್ಣಾರೆ ಕಾಣಬಹುದು. ಕಾರಮಡೈ ಸುತ್ತಿನ ನೇಕಾರರು ಇಂದು ಆಡುವುದು ಹಾಸು ಎಂದೋ, ಸುತ್ತಲಿನ ತಮಿಳಿನ ‘ಪಾವು’ ಎಂದೋ; ಎರಡನ್ನೂ ಆಡುವುದಾದರೆ ಯಾರ ಮುಂದೆ ಯಾವುದು, ಹಿರಿಯರು ಯಾವುದು, ಕಿರಿಯರು ಯಾವುದು? 60 ಗಂಟೆಗಳ ಇಂಟರ್ನ್‌ಶಿಪ್ಪಿಗೆ ಇದೊಂದೇ ಪ್ರಶ್ನೆ ಸಾಕು.

ಸೂಜಿಯ ಕೆಲಸದಲ್ಲಿ ಭಾಷೆ ಇನ್ನೂ ಒತ್ತಾಗಿ ಕುಳಿತಿದೆ. ಉತ್ತರ ಕರ್ನಾಟಕದ ಕಸೂತಿಯನ್ನೇ ನೋಡಬಹುದು. ಭೌಗೋಳಿಕ ಗುರುತು ಪಡೆದ ಈ ಕಲೆಯಲ್ಲಿ ಮುಖ್ಯವಾದ ಹೊಲಿಗೆಗಳು ನಾಲ್ಕು: ಗವಂತಿ, ಮುರ್ಗಿ, ನೇಗಿ, ಮೆಂತಿ. ಬಟ್ಟೆಯ ಎಳೆಗಳನ್ನು ಎಣಿಸುತ್ತ ಸೂಜಿ ಸಾಗುತ್ತದೆ. ಮೊದಲೇ ಗುರುತು ಬರೆದುಕೊಳ್ಳುವ ಪದ್ಧತಿ ಇಲ್ಲ. ಗವಂತಿಯಲ್ಲಿ ಸೂಜಿ ಒಮ್ಮೆ ಮುಂದೆ ಹೋಗಿ, ಬಿಟ್ಟ ಜಾಗಗಳನ್ನು ತುಂಬುತ್ತ ಹಿಂತಿರುಗಿ ಬರುತ್ತದೆ. ಹೀಗಾಗಿ ಬಟ್ಟೆಯ ಒಳಮೈ ಹೊರಮೈ ಎರಡೂ ಒಂದೇ ಆಗಿ ಕಾಣುತ್ತವೆ. ಮುರ್ಗಿಯದು ಮೆಟ್ಟಿಲು ಮೆಟ್ಟಿಲಾಗಿ ಮುರಿದು ಸಾಗುವ ಗೆರೆ. ನೇಗಿಯ ಹೊಲಿಗೆ ನೇಯ್ದದ್ದರಂತೆ ಕಾಣುತ್ತದೆ; ಹೆಸರಿನಲ್ಲಿಯೇ ನೇಯ್ಗೆ ಇದೆ. ಮೆಂತಿ ಎಂದರೆ ಮೆಂತ್ಯದ ಕಾಳಿನಂತೆ ಒತ್ತೊತ್ತಾಗಿ ಬೀಳುವ ಕತ್ತರಿಹೊಲಿಗೆ. ಗವಂತಿಯ ಹೆಸರನ್ನು ‘ಗಂಟು’ ಎಂಬ ಮಾತಿಗೆ ಜೋಡಿಸುವುದು ವಾಡಿಕೆ. ಆದರೆ ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವಂತಿಲ್ಲ! ಗಂಟಿಲ್ಲದ ಹೊಲಿಗೆಗೆ ಗಂಟಿನ ಹೆಸರು ಹೇಗೆ ಬಂತು? ವಸ್ತ್ರವಿನ್ಯಾಸ ಕಲಿಯುವವರು ಈ ಪ್ರಶ್ನೆಯನ್ನು ಕೇಳುವುದಿಲ್ಲ, ಅದು ಅವರ ಹೊಣೆಯೂ ಅಲ್ಲ. ಕೇಳಬೇಕಾದವರು ಅತ್ತ ಸುಳಿಯುತ್ತಿಲ್ಲ. ಕೌದಿ ಹೊಲಿಯುವ ಅಜ್ಜಿಯರ ಬಳಿ, ಉತ್ತರ ಕನ್ನಡದ ಸಿದ್ದಿ ಹೆಂಗಸರ ಕವಂದಿಯ ಬಳಿ, ಸಂಡೂರಿನ ಲಂಬಾಣಿ ಕಸೂತಿಯ ಬಳಿ ಇಂಥ ಪ್ರಶ್ನೆಗಳು ಕಾದು ಕುಳಿತಿವೆ.

ಮಗ್ಗಕ್ಕೂ ಸೂಜಿಗೂ ಏನು ನಂಟು ಎಂದು ಕೇಳುವವರು ಸಿರುಮುಗೈಯ ಮಗ್ಗದ ತಲೆಯ ಮೇಲೆ ಕುಳಿತಿರುವ ಜಕಾರ್ಡ್ ಪೆಟ್ಟಿಗೆಯನ್ನು ಇಣುಕಿ ನೋಡಬೇಕು. ರಂಧ್ರ ಕೊರೆದ ರಟ್ಟಿನ ಹಾಳೆ ಮುಂದೆ ಸರಿದಾಗ, ರಂಧ್ರವಿದ್ದಲ್ಲಿ ಸೂಜಿ ಒಳಹೋಗುತ್ತದೆ, ಇಲ್ಲದಲ್ಲಿ ಹಿಂದೆ ತಳ್ಳಲ್ಪಡುತ್ತದೆ. ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂಬುದನ್ನು ಆ ಸೂಜಿಗಳೇ ತೀರ್ಮಾನಿಸುತ್ತವೆ. ಸೆರಗಿನ ಮಾವಿನಕಾಯಿ, ಅಂಚಿನ ನವಿಲು ಎಲ್ಲವೂ ಮೊದಲು ರಟ್ಟಿನ ಮೇಲಿನ ರಂಧ್ರಗಳು.

ಕಸುಬಿನ ಪದಗಳನ್ನು ಸಂಗ್ರಹಿಸುವುದು ಹೊಸ ಆಲೋಚನೆಯಲ್ಲ. ನೆರೆಯ ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ವೃತ್ತಿಪದಗಳ ಮಾಂಡಲಿಕ ಕೋಶವನ್ನು ಆರಂಭಿಸಿದಾಗ ಮೊದಲ ಸಂಪುಟ ಬೇಸಾಯದ್ದಾಗಿತ್ತು, 1962ರಲ್ಲಿ. 1971ರ ಎರಡನೆಯ ಸಂಪುಟ ಇಡಿಯಾಗಿ ಕೈಮಗ್ಗದ್ದು. ಊರೂರು ಅಲೆದು ನೇಕಾರರ ಬಾಯಿಂದ ಕೇಳಿ ಬರೆದುಕೊಂಡ ಪದಗಳು ಅವು. ಕನ್ನಡದಲ್ಲಿಯೂ ನಂಟು ಹಳೆಯದೇ. 1894ರಲ್ಲಿ ಕಿಟ್ಟೆಲ್ ಅವರ ನಿಘಂಟನ್ನು ಮಂಗಳೂರಿನಲ್ಲಿ ಪ್ರಕಟಿಸಿದ ಬಾಸೆಲ್ ಮಿಷನ್ನೇ ಅದೇ ಊರಿನಲ್ಲಿ ನೇಯ್ಗೆಯ ಕಾರ್ಖಾನೆಯನ್ನೂ ನಡೆಸುತ್ತಿತ್ತು. 1851ರಲ್ಲಿ ಬಂದ ಯೋಹಾನ್ ಹಾಲರ್ ಅಲ್ಲಿಗೆ ಹೊಸ ಬಗೆಯ ಮಗ್ಗ ತಂದರು. ಖಾಕಿ ಬಣ್ಣದ ಬಟ್ಟೆಯ ಕಥೆ ಅವರ ಹೆಸರಿನೊಂದಿಗೆ ಸೇರಿಕೊಂಡಿದೆ. ನಿಘಂಟೂ ಮಗ್ಗವೂ ಒಂದೇ ಸಂಸ್ಥೆಯ ಆಶ್ರಯದಲ್ಲಿದ್ದ ಕಾಲವಿತ್ತು ಎಂಬುದನ್ನು ನೆನೆದರೆ, ಇಂದು ಕನ್ನಡ ವಿಭಾಗಕ್ಕೂ ನೇಕಾರರ ಕೇರಿಗೂ ನಡುವೆ ಇರುವ ದೂರ ವಿಚಿತ್ರವಾಗಿ ಕಾಣುತ್ತದೆ.

ಕಾರಮಡೈಯಿಂದ ತಲೆಯೆತ್ತಿದರೆ ಕಾಣುವ ನೀಲಗಿರಿಯಲ್ಲಿ ಇನ್ನೊಂದು ಮೇಲ್ಪಂಕ್ತಿ ಇದೆ. 1930ರ ದಶಕದ ನಡುವಿನಲ್ಲಿ ಎಂ. ಬಿ. ಎಮೆನೋ ಎಂಬ ವಿದ್ವಾಂಸರು ಅಲ್ಲಿಗೆ ಬಂದು ತೊದ, ಕೋತ ಜನರೊಂದಿಗೆ ವರ್ಷಗಟ್ಟಲೆ ಕುಳಿತರು. ಪುಸ್ತಕವೇ ಇಲ್ಲದ ನುಡಿಗಳಿಂದ ಅವರು ಹೊತ್ತು ತಂದ ಪದಗಳು ಮುಂದೆ ಬರೋ ಅವರೊಡನೆ 1961ರಲ್ಲಿ ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿ ಕೋಶದಲ್ಲಿ ಕನ್ನಡ ತಮಿಳುಗಳ ಪಕ್ಕದಲ್ಲಿ ಸರಿಸಮನಾಗಿ ನಿಂತವು. ಅದೇ ತೊದ ಹೆಂಗಸರು ಬಿಳಿಯ ಹತ್ತಿ ಬಟ್ಟೆಯ ಮೇಲೆ ಕೆಂಪು ಕಪ್ಪು ದಾರಗಳಿಂದ, ಎಳೆ ಎಣಿಸಿ ಹೊಲಿಯುವ ಕಸೂತಿಗೂ ಭೌಗೋಳಿಕ ಗುರುತು ಸಿಕ್ಕಿದೆ. ಧಾರವಾಡದ ಕಸೂತಿಯಂತೆ ಅದೂ ಎಣಿಕೆಯ ಹೊಲಿಗೆ. ಎರಡನ್ನೂ ಕಂಡ ವಿದ್ಯಾರ್ಥಿಗೆ ತೌಲನಿಕ ಅಧ್ಯಯನ ಎಂಬ ಪತ್ರಿಕೆಯ ಅರ್ಥ ಬೇರೆಯಾಗಿ ಹೊಳೆದೀತು.

ಇಷ್ಟು ಹೇಳಿದ ಮೇಲೆ ತಿರುಪ್ಪೂರಿನ ಮಾತು ಬರಲೇಬೇಕು. 2009ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಅದು ಬನಿಯನ್, ಟೀ ಶರ್ಟುಗಳ ಲೋಕ. ಅಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಒಂದೇ ನೂಲು ಕುಣಿಕೆಯೊಳಗೆ ಕುಣಿಕೆಯಾಗಿ ಹೆಣೆದುಕೊಳ್ಳುತ್ತದೆ. ನೇಯ್ಗೆ ಬೇರೆ, ಹೆಣಿಗೆ ಬೇರೆ ಎಂಬ ಭೇದವನ್ನು ಕನ್ನಡ ಎಂದೋ ಮಾಡಿಟ್ಟಿದೆ. ಮೂವತ್ತು ಅಂಗುಲ ವ್ಯಾಸದ, ಅಂಗುಲಕ್ಕೆ ಇಪ್ಪತ್ತನಾಲ್ಕು ಸೂಜಿಗಳ ಒಂದು ವೃತ್ತಾಕಾರದ ಹೆಣಿಗೆ ಯಂತ್ರದಲ್ಲಿ ಸುಮಾರು 2,260 ಸೂಜಿಗಳಿರುತ್ತವೆ. ಒಂದೊಂದರ ತುದಿಯಲ್ಲೂ ಕೊಕ್ಕೆ, ಕೊಕ್ಕೆಗೆ ಅಗುಳಿಯಂತೆ ಬಿದ್ದು ಏಳುವ ಪುಟ್ಟ ನಾಲಗೆ. 19ನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ಲೆಸ್ಟರಿನ ಮ್ಯಾಥ್ಯೂ ಟೌನ್‌ಸೆಂಡ್ ಕಂಡುಹಿಡಿದ ಸೂಜಿ ಅದು. ಒಂದು ನಾಲಗೆ ಮುರಿದರೆ ಬಟ್ಟೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಅನುಭವವುಳ್ಳ ಕೆಲಸಗಾರರು ಆ ಗೆರೆ ನೋಡಿ ಯಾವ ಸೂಜಿ ಎಂದು ಹುಡುಕಿ ಬದಲಿಸುತ್ತಾರೆ.

ತಿರುಪ್ಪೂರು ಕಸುಬನ್ನು ಕಲಿಸಿದ್ದು ಶಾಲೆಯಿಂದಲ್ಲ. ಶರದ್ ಚಾರಿ ಅವರು ಆ ಪಟ್ಟಣದ ಬಗ್ಗೆ 2004ರಲ್ಲಿ ಪ್ರಕಟಿಸಿದ ಅಧ್ಯಯನ, ಬೇಸಾಯದ ಹಿನ್ನೆಲೆಯಿಂದ ಬಂದು ಯಂತ್ರದ ಮುಂದೆ ದುಡಿದವರಲ್ಲಿ ಕೆಲವರು ಮುಂದೆ ತಾವೇ ಮಾಲೀಕರಾದ ಬಗೆಯನ್ನು ವಿವರಿಸುತ್ತದೆ. ದರ್ಜಿಯ ಪಕ್ಕದಲ್ಲಿ ನಿಂತು ಬಟ್ಟೆ ಮಡಿಸಿ ಕೊಡುವ ಸಹಾಯಕರಿಗೆ ಅಲ್ಲಿನ ಹೆಸರು ‘ಕೈಮಡಿ’. ಕನ್ನಡ ಬಲ್ಲವರಿಗೆ ಆ ಪದವನ್ನು ಬಿಡಿಸಿ ಹೇಳಬೇಕಿಲ್ಲ. ಮಡಿಸುತ್ತ ನೋಡುವುದು, ನೋಡುತ್ತ ಕಲಿಯುವುದು, ದರ್ಜಿ ಊಟಕ್ಕೆ ಎದ್ದಾಗ ಯಂತ್ರದ ಮೇಲೆ ಕೈಯಿಡುವುದು. ಇಂಟರ್ನ್‌ಶಿಪ್ ಎಂಬ ಪದ ಹುಟ್ಟುವ ಮೊದಲೇ ಇದ್ದ ಕಲಿಕೆ ಇದು.

ಆದರೆ ಇದೇ ಸೀಮೆ ‘ಕಲಿಕೆ’ ಎಂಬ ಮಾತನ್ನು ಕೆಟ್ಟದಾಗಿ ಬಳಸಿದ ನೆಲವೂ ಹೌದು. ಸುಮಂಗಲಿ ಎಂಬ ಮಂಗಳಕರ ಹೆಸರಿನ ಪದ್ಧತಿಯಲ್ಲಿ ಈ ಭಾಗದ ಕೆಲವು ನೂಲಿನ ಗಿರಣಿಗಳು ಬಡ ಮನೆಗಳ ಹದಿಹರೆಯದ ಹೆಣ್ಣುಮಕ್ಕಳನ್ನು ಮೂರು ವರ್ಷಗಳ ಕರಾರಿನ ಮೇಲೆ ತಂದಿರಿಸಿಕೊಂಡವು. ಕೊನೆಯಲ್ಲಿ ಮದುವೆಗೆಂದು ಒಂದು ಇಡಿಗಂಟು. ಅಲ್ಲಿಯವರೆಗೆ ಹಾಸ್ಟೆಲು, ಕಾವಲು, ಕಡಿಮೆ ಕೂಲಿ. ಅವರನ್ನು ಕಾಗದದ ಮೇಲೆ ಕರೆದದ್ದು ಕಾರ್ಮಿಕರೆಂದಲ್ಲ, ತರಬೇತಿಯವರು, ಶಿಶಿಕ್ಷುಗಳು ಎಂದು. ಕಲಿಯಲು ಬಂದವರಿಗೆ ಪೂರ್ಣ ಕೂಲಿ ಏಕೆ ಎಂಬ ವಾದಕ್ಕೆ ಆ ಒಂದು ಪದವೇ ಸಾಕಾಯಿತು. ಕಾರ್ಮಿಕ ಸಂಘಟನೆಗಳು ಇದನ್ನು ಜೀತವೆಂದೇ ಕರೆದವು. ಕನ್ನಡ ವಿಭಾಗದವರು ಇಂಟರ್ನ್‌ಶಿಪ್ ಎಂಬ ಹೊಸ ಪದವನ್ನು ಸಂಭ್ರಮದಿಂದ ಬಳಸುವ ಮುನ್ನ ಹಳೆಯ ಪದಕ್ಕೆ ಏನಾಯಿತೆಂಬುದನ್ನು ತಿಳಿದಿರಬೇಕು. ಪದಗಳ ಅರ್ಥಸಂಕೋಚ, ಅರ್ಥವಿಸ್ತಾರಗಳಿಗೆ ಉದಾಹರಣೆ ಹುಡುಕುವವರಿಗೆ ಇಲ್ಲೊಂದು ಇದೆ, ಕಹಿಯಾದದ್ದು.

ಆದ್ದರಿಂದ ಷರತ್ತುಗಳು ಮೊದಲೇ ಸ್ಪಷ್ಟವಿರಬೇಕು. ಉತ್ಪಾದನೆಯ ಸಾಲಿನಲ್ಲಿ ಕುಳಿತು ದಿನವಿಡೀ ಕೆಲಸ ಮಾಡುವವರು ವಿದ್ಯಾರ್ಥಿಗಳಾದರೂ ಅವರಿಗೆ ಹಣ ಸಲ್ಲಬೇಕು. 1961ರ ಶಿಶಿಕ್ಷು ಕಾಯಿದೆ 2014ರ ತಿದ್ದುಪಡಿಯ ಬಳಿಕ ತಾಂತ್ರಿಕೇತರ ಪದವೀಧರರಿಗೂ ತೆರೆದುಕೊಂಡಿದೆ. 2019ರ ನಿಯಮಗಳು ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಶಿಷ್ಯವೇತನವನ್ನು ನಿಗದಿಪಡಿಸಿದವು. ಕಲಿಯಲು ಮಾತ್ರ ಹೋಗುವ ಕನ್ನಡದ ವಿದ್ಯಾರ್ಥಿಗಳ ಲೆಕ್ಕ ಬೇರೆ, ಮತ್ತು ಅಲ್ಲಿ ಹಣ ಹರಿಯಬೇಕಾದ ದಿಕ್ಕೂ ಬೇರೆ. ಕೈಮಗ್ಗದ ನೇಕಾರರಿಗೆ ಕೂಲಿ ಸಿಗುವುದು ಸೀರೆಯ ಲೆಕ್ಕದಲ್ಲಿ. ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರಿಸಲು ಲಾಳಿ ನಿಲ್ಲಿಸಿದ ಪ್ರತಿ ಗಂಟೆಯೂ ಅವರ ಮನೆಯ ಅಕ್ಕಿಯಿಂದ ಕಳೆಯುತ್ತದೆ. ಅತಿಥಿ ಉಪನ್ಯಾಸಕ್ಕೆ ಗೌರವಧನ ಕೊಡುವ ಕಾಲೇಜು, ಮಗ್ಗದ ಮುಂದೆ ಪಾಠ ಹೇಳಿದ ನೇಕಾರರಿಗೂ ಗೌರವಧನ ಕೊಡುವುದು ನ್ಯಾಯ. ಇದಕ್ಕೆ ಲೆಕ್ಕಶೀರ್ಷಿಕೆ ಇಲ್ಲವೆಂಬ ಉತ್ತರ ಬರಬಹುದು. ಶೀರ್ಷಿಕೆಗಳನ್ನು ಬರೆಯುವುದು ಭಾಷೆಯ ಜನರಿಗೆ ಕಷ್ಟವಾಗಬಾರದು.

ಆಕ್ಷೇಪಗಳು ಇಲ್ಲದಿಲ್ಲ. ಇದು ಸಾಹಿತ್ಯವಲ್ಲ ಎಂಬುದು ಮೊದಲನೆಯದು. ವಚನವೂ ಜನಪದವೂ ಪಠ್ಯದಲ್ಲಿರುವ ವಿಭಾಗದಲ್ಲಿ ಆ ಮಾತಿಗೆ ಹೆಚ್ಚು ತೂಕವಿಲ್ಲ. ಇದರಿಂದ ಉದ್ಯೋಗ ಸಿಗುತ್ತದೆಯೇ ಎಂಬ ಪೋಷಕರ ಪ್ರಶ್ನೆಗೆ ತೂಕವಿದೆ. ಪ್ರಾಮಾಣಿಕವಾಗಿ ಹೇಳುವುದಾದರೆ, ತಿರುಪ್ಪೂರಿನ ಯಾವ ಕಾರ್ಖಾನೆಯೂ ಕನ್ನಡ ಪದವೀಧರರಿಗಾಗಿ ಕಾದಿಲ್ಲ. ಆದರೆ ಬೆಂಗಳೂರು, ರಾಮನಗರ, ಮಂಡ್ಯ, ದೊಡ್ಡಬಳ್ಳಾಪುರಗಳ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಕನ್ನಡ ಬಲ್ಲ ಅಪಾರ ಸಂಖ್ಯೆಯ ಹೆಂಗಸರು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಾರೆ. ಯಂತ್ರದ ಕೈಪಿಡಿ, ಸುರಕ್ಷತೆಯ ಸೂಚನೆ, ಕೂಲಿ ಚೀಟಿಯ ವಿವರಗಳು ಅವರು ಆಡುವ ಕನ್ನಡದಲ್ಲಿ ಇರಬೇಕಾದರೆ ಓವರ್‌ಲಾಕಿಗೂ ಕಾಜಕ್ಕೂ ಅವರು ಏನೆನ್ನುತ್ತಾರೆಂಬುದನ್ನು ಬಲ್ಲ ಬರಹಗಾರರು ಬೇಕು. ಓವರ್‌ಲಾಕನ್ನು ‘ಅಧಿಬಂಧನ’ ಎಂದು ಅನುವಾದಿಸುವವರಿಂದ ಅದು ಆಗದು. ನಿಜ, ನೂರಿಪ್ಪತ್ತು ಗಂಟೆಗಳಲ್ಲಿ ಯಾರೂ ನೇಕಾರರಾಗುವುದಿಲ್ಲ. ಒಂದು ಸೀರೆಯ ಸೆರಗನ್ನು ನೇಯುವುದಿರಲಿ, ಕಂಡಿಕೆಗೆ ನೂಲನ್ನು ಹದವಾಗಿ ಸುತ್ತಲು ಬಂದರೆ ಅದೇ ಹೆಚ್ಚು. ಆದರೆ ಕಂಡಿಕೆ ಸುತ್ತುತ್ತ ಕುಳಿತವರೊಡನೆ ಮನೆಯವರು ಆಡುವ ಮಾತು, ರೆಕಾರ್ಡರ್ ಹಿಡಿದು ನಿಂತವರೊಡನೆ ಆಡುವ ಮಾತಿಗಿಂತ ಬೇರೆಯೇ ಆಗಿರುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ವಿದ್ಯಾರ್ಥಿಗಳಿಂದಲೇ ಬರಬಹುದು. ಹಳಗನ್ನಡ ವ್ಯಾಕರಣ ಓದಿದ ಹುಮ್ಮಸ್ಸಿನಲ್ಲಿ ಆ ಮನೆಯವರ ಕನ್ನಡವನ್ನು ತಮಿಳು ಬೆರೆತದ್ದೆಂದು, ಅಶುದ್ಧವೆಂದು ತಿದ್ದಲು ಹೊರಟರೆ ಅಲ್ಲಿಗೆ ಎಲ್ಲ ಮುಗಿಯಿತು. ತಲೆಮಾರುಗಳ ಕಾಲ ಶಾಲೆಯ ಆಸರೆಯಿಲ್ಲದೆ ಒಂದು ಭಾಷೆಯನ್ನು ಉಳಿಸಿಕೊಂಡವರ ಮುಂದೆ ತಿದ್ದುವ ಕೆಂಪು ಶಾಯಿಗೆ ಕೆಲಸವಿಲ್ಲ. ‘ಅಯ್ಯಾ, ಇದಕ್ಕೆ ಏನೆನ್ನುತ್ತೀರಿ?’ ಎಂದು ಕೇಳುವುದು, ಹೇಳಿದ್ದನ್ನು ಹೇಳಿದಂತೆಯೇ ಬರೆಯುವುದು, ಇಷ್ಟೇ ಪಾಠ. ಅವರನ್ನು ಕರ್ನಾಟಕಕ್ಕೆ ‘ಮರಳಿ ತರುವ’ ಮಾತೂ ಬೇಡ. ಅವರು ಎಲ್ಲಿಂದಲೂ ಕಳೆದುಹೋದವರಲ್ಲ. ತಮ್ಮ ಊರಿನಲ್ಲಿ, ತಮ್ಮ ಮಗ್ಗದ ಮುಂದೆ, ಎರಡು ಭಾಷೆಗಳಲ್ಲಿ ಬದುಕುತ್ತಿರುವವರು.

ದಾರಿ ದೂರದ್ದಲ್ಲ. ಚಾಮರಾಜನಗರದಿಂದ ದಿಂಬಂ ಘಟ್ಟ ಇಳಿದು, ಸತ್ಯಮಂಗಲ ದಾಟಿದರೆ ಸಿರುಮುಗೈಯ ಹಾದಿ ಸಿಗುತ್ತದೆ. ಆರಂಭಕ್ಕೆ ನಾಲ್ಕೈದು ವಿದ್ಯಾರ್ಥಿಗಳು, ತಮಿಳು ಓದಬಲ್ಲ ಒಬ್ಬರು ಅಧ್ಯಾಪಕರು, ಮೊದಲೇ ಒಪ್ಪಿಗೆ ಪಡೆದ ಎರಡು ಮನೆಗಳು ಸಾಕು. ಸಂಗ್ರಹಿಸಿದ ಪದಗಳ ಪಟ್ಟಿ ಕಾಲೇಜಿನ ಕಪಾಟಿನಲ್ಲಿ ಮಾತ್ರ ಉಳಿಯಬಾರದು. ಅದರ ಒಂದು ಪ್ರತಿ ಆ ಮನೆಗಳಿಗೆ ಹಿಂತಿರುಗಬೇಕು, ಅದೂ ಅವರು ಓದಬಲ್ಲಂತೆ. ಎಡಗಡೆ ಕನ್ನಡ ಲಿಪಿ, ಬಲಗಡೆ ತಮಿಳು ಲಿಪಿ, ಎರಡರಲ್ಲೂ ಅದೇ ಕನ್ನಡ ಪದ. ಮುಂದಿನ ಸೆಮಿಸ್ಟರಿನ ಇಂಟರ್ನ್‌ಶಿಪ್ ಪಟ್ಟಿ ಸಿದ್ಧವಾಗುವಾಗ ಪತ್ರಿಕಾ ಕಚೇರಿಗಳ ಹೆಸರಿನ ಕೆಳಗೆ ಇನ್ನೊಂದು ಸಾಲಿಗೆ ಜಾಗವಿರುತ್ತದೆ.